ಕ್ಯಾಮೆರಾಕ್ಕೆ ಹೊಲಿದ ಕೌದಿ

ನಾನು ಒಂದು ಕೌದಿ. ಗುಳೇದಗುಡ್ಡದ ಒಂದು ಪಡಸಾಲೆಯಲ್ಲಿ, ಅಂಗೈಯಗಲದ ತುಂಡುಗಳನ್ನು ಕೂಡಿಸಿ ಕೈಯಿಂದಲೇ ಹೊಲಿದ ಕೌದಿ. ಆದರೆ ನನ್ನನ್ನು ಹೊದ್ದು ಯಾರೂ ಮಲಗಿಲ್ಲ. ನನಗೆ ಎರಡು ತೋಳಿವೆ, ಒಂದು ಉದ್ದನೆಯ ಕೊರಳಿದೆ, ಹೊಟ್ಟೆಯ ಹತ್ತಿರ ಒಂದು ಕಿಸೆ ಇದೆ. ನೋಡಿದವರು, "ಇದ್ಯಾವ ಕೂಸಿನ ಅಂಗಿ, ತಲೆ ಎಲ್ಲಿಂದ ತೂರಿಸಬೇಕು?" ಎಂದು ತಿರುವಿ ಮುರುವಿ ನೋಡುತ್ತಾರೆ. ಕೂಸಿನದಲ್ಲ ಮಾರಾಯರೇ. ನಾನು ಒಂದು ವಿಡಿಯೋ ಕ್ಯಾಮೆರಾದ ಚಳಿ ಅಂಗಿ. ನಗುವವರು ಮೊದಲು ನಕ್ಕುಬಿಡಿ. ಆಮೇಲೆ ಕೇಳಿ.

ಎಲ್ಲರೂ ತಾಯಿಯ ಹೊಟ್ಟೆಯಿಂದ ಹುಟ್ಟಿದರೆ ನಾನು ಹುಟ್ಟಿದ್ದು ಒಂದು ಜಗಳದಿಂದ.

ನನ್ನನ್ನು ಹೊಲಿದವಳು ಶಂಕ್ರವ್ವ. ಗಂಡ ಕುಪ್ಪಸದ ಖಣ ನೇಯುತ್ತಿದ್ದ. ಆತ ತೀರಿಕೊಂಡ ಮೇಲೂ ಅವಳು ಮಗ್ಗ ಬಿಡಲಿಲ್ಲ. ಒಬ್ಬನೇ ಮಗ, ಮಹಾಂತೇಶ. ಅವನು ದೂರದ ಲಡಾಖಿನಲ್ಲಿ, ರಸ್ತೆಯ ಮೇಲೆ ಬಿದ್ದ ಹಿಮ ಬಾಚುವ ಯಂತ್ರ ಓಡಿಸುತ್ತಿದ್ದ. ಅಲ್ಲಿಯ ಹುಡುಗಿಯೊಬ್ಬಳನ್ನು ಮೆಚ್ಚಿ, ಮದುವೆ ಅಲ್ಲೇ, ಚಳಿಗಾಲದಲ್ಲೇ ಎಂದು ಫೋನು ಮಾಡಿದ. ಅಲ್ಲಿ ಹೊಲದ ಕೆಲಸವೆಲ್ಲ ಹಿಮದಡಿ ಮಲಗಿದಾಗಲೇ ಮದುವೆಗಳಂತೆ.

ಸುದ್ದಿ ಕೇಳಿ ಶಂಕ್ರವ್ವನ ಭಾವ, ಗಂಡನ ಅಣ್ಣ ಮುರಿಗೆಪ್ಪ ಪಡಸಾಲೆಗೆ ಬಂದು ಕೂತ. ಮನೆತನಕ್ಕೆ ಹಿರಿಯ.

"ನಮ್ಮ ಮನಿತನದಿಂದ ಒಂದು ನರಪಿಳ್ಳೆನೂ ಆ ಮದುವಿಗೆ ಹೋಗಂಗಿಲ್ಲ. ಯಾವ ಊರೋ, ಯಾವ ಮಂದಿಯೋ."

"ಹುಡುಗಿ ಹೆಸರು ಪದ್ಮಾ ಅಂತ ಐತಿ ಭಾವಾರ. ನಮ್ಮ ಓಣ್ಯಾಗ ಮೂರು ಮಂದಿ ಪದ್ಮಾ ಅದಾರ."

"ಹೆಸರು ತಗೊಂಡು ಉಪ್ಪಿನಕಾಯಿ ಹಾಕ್ತಿಯೇನು?"

"ತಾಯಿ ಇಲ್ಲದ ಮದುವಿ ಆತಂತ ನಾಳೆ ಮಂದಿ ಅಂದ್ರ?"

ಮುರಿಗೆಪ್ಪ ದನಿ ಏರಿಸಲಿಲ್ಲ. ಸಮಾಧಾನದಿಂದಲೇ ಅಂದ: "ನೀ ಹೋದ್ರೂ ಹಿಂದ ಕೂಡಾಕಿನ ಅಲ್ಲೇನು ಶಂಕ್ರವ್ವ. ತಾಳಿ ಹತ್ರ ನಿನ್ನ ಯಾರು ಬಿಡ್ತಾರ?"

ಗಂಡ ಸತ್ತವಳು ಮಂಗಳ ಕಾರ್ಯಕ್ಕೆ ಮುಂದೆ ಬರಬಾರದು. ಅದು ಅವನು ಮಾಡಿದ ಕಾನೂನಲ್ಲ, ಆದರೆ ಕಾಯಲು ನಿಂತವನು ಅವನೇ. ಗೆದ್ದೆ ಎಂದುಕೊಂಡು ಅವನು ಎದ್ದು ಹೋದ.

ಅವಳು ಮರುದಿನವೇ ಬಸ್ಸು ಹತ್ತಿ ಡಾಕ್ಟರ ಹತ್ತಿರ ಹೋದಳು. ಲಡಾಖಿಗೆ ಹೊರಡಲು ಚೀಲ ಕಟ್ಟಿಕೊಂಡೇ ಹೋಗಿದ್ದಳು. ಡಾಕ್ಟರು ಎದೆಗೆ ನಳಿಗೆ ಹಚ್ಚಿ ಬಹಳ ಹೊತ್ತು ಕೇಳಿದರು. ಮಗ್ಗದ ದೂಳು ಕುಡಿದ ಎದೆ ಅದು. ನಾಲ್ಕು ಮೆಟ್ಟಿಲು ಹತ್ತಿದರೆ ಸಿಳ್ಳೆ ಹಾಕುತ್ತದೆ. "ಅಷ್ಟು ಎತ್ತರದಲ್ಲಿ ಗಟ್ಟಿ ಗಂಡಸರಿಗೇ ಉಸಿರು ಸಾಲುವುದಿಲ್ಲ, ಅವ್ವಾ. ನೀವು ಹೋದರೆ ವಾಪಸು ಬರುವುದಿಲ್ಲ," ಎಂದರು. ಭಾವನ ಮಾತನ್ನು ದಾಟಬಹುದಿತ್ತು. ತನ್ನ ಎದೆಯನ್ನು ಹೇಗೆ ದಾಟುವುದು?

ಬಸ್‌ಸ್ಟ್ಯಾಂಡಿನಿಂದ ಅವಳು ಮನೆಗೆ ಹೋಗಲಿಲ್ಲ. ನೇರ ದಾಕ್ಷಿಯ ಸ್ಟುಡಿಯೋಕ್ಕೆ ಹೋದಳು. ದಾಕ್ಷಿ ಎಂದರೆ ಅವಳ ತಂಗಿಯ ಮಗಳು, ಊರಿನ ಮದುವೆಗಳ ವಿಡಿಯೋ ತೆಗೆಯುವವಳು. ಹೆಣ್ಣು ಹುಡುಗಿ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಗಂಡಸರ ನಡುವೆ ನುಗ್ಗುತ್ತಾಳೆ ಎಂದು ಬೈಸಿಕೊಂಡೂ ಬೈಸಿಕೊಂಡೂ ಕೊನೆಗೆ ಎಲ್ಲರ ಮನೆಗೂ ಬೇಕಾದವಳು.

"ನನ್ನ ಕಣ್ಣು ನೀ ತಗೊಂಡು ಹೋಗು," ಎಂದಳು ಶಂಕ್ರವ್ವ. "ಹಿಂದ ನಿಂದ್ರಬ್ಯಾಡ. ತಾಳಿ ಕಟ್ಟೂದು ನಾ ಹತ್ರದಿಂದ ನೋಡಬೇಕು."

"ಹೋಗತೀನಿ ದೊಡ್ಡವ್ವ. ನನಗ ಏನೂ ಆಗಂಗಿಲ್ಲ. ಈ ಕ್ಯಾಮೆರಾದ್ದ ಚಿಂತಿ. ಅಂಥಾ ಥಂಡಿಯೊಳಗ ಬ್ಯಾಟರಿ ಸಾಯ್ತೈತಿ, ಪರದಿ ಮಂಕಾಗತೈತಿ. ಅದಕ್ಕಂತನ ಒಂದು ದಪ್ಪನ ಅಂಗಿ ಬರತೈತಿ. ತರಸಾಕ ಈಗ ಟೈಮ್ ಎಲ್ಲೈತಿ?"

"ಅಂಗಿ ತಾನ?" ಎಂದಳು ಶಂಕ್ರವ್ವ. "ಅಳತಿ ಕೊಡು."

ಅಲ್ಲಿಂದ ನನ್ನ ಕತೆ ಶುರು. ಅವಳು ಟ್ರಂಕು ತೆಗೆದಳು. ತಳದಲ್ಲಿ ಅವಳ ಕುಪ್ಪಸಗಳಿದ್ದವು: ಗಂಡ ನೇಯ್ದುಕೊಟ್ಟ ಕೆಂಪು ಖಣ, ಆನೆ ಹೆಜ್ಜೆಯ ಚಿತ್ತಾರದ್ದು, ತೊಟ್ಟಿಲಿನದು. ಆತ ಹೋದ ಮೇಲೆ ಆ ಕೆಂಪು ತೊಡುವಂತಿರಲಿಲ್ಲ. ಬಿಸಾಡುವ ಮನಸ್ಸೂ ಇರಲಿಲ್ಲ. ವರ್ಷಗಟ್ಟಲೆ ಕತ್ತಲಲ್ಲಿ ಮಡಚಿಕೊಂಡು ಕೂತಿದ್ದವು. ಕತ್ತರಿ ಹಿಡಿದ ಅವಳ ಕೈ ಒಂದು ಗಳಿಗೆ ತಡೆಯಿತು. "ತೊಟ್ರ ಮಂದಿ ಕೇಳ್ತಾರ. ಹೊಲಿದ್ರ ಯಾರು ಕೇಳ್ತಾರ?" ಎಂದು ತನಗೆ ತಾನೇ ಅಂದುಕೊಂಡಳು. ಚರಕ್ಕನೆ ಕತ್ತರಿಸಿದಳು.

ಒಳಗೆ ಹಳೆಯ ಉಣ್ಣೆಯ ಕಂಬಳಿ, ನಡುವೆ ಹತ್ತಿಯ ಸೀರೆ, ಮೇಲೆ ಖಣ. ಕಣ್ಣಿಗೆ ಒಂದು ಕಿಂಡಿ, ಕೈಗೆ ಎರಡು ತೋಳು, ಅಲುಗಿಸಿದರೆ ಬಿಸಿಯಾಗುವ ಪುಡಿಯ ಪೊಟ್ಟಣ ಇಡಲು ಒಂದು ಕಿಸೆ. ಕೊನೆಯ ಮೂಲೆ ಮುಚ್ಚುವ ಮೊದಲು ಕೌದಿಯ ಹೊಟ್ಟೆ ತುಂಬಿಸುವುದು ಅವರ ಮನೆಯ ಪದ್ಧತಿ. ಹಸಿದ ಕೌದಿ ಬೆಚ್ಚಗಿಡುವುದಿಲ್ಲವಂತೆ. ನನ್ನ ಮೂಲೆಯಲ್ಲಿ ಅವಳು ಒಂದು ಚೂರು ಬೆಲ್ಲ ಇಟ್ಟು ಹೊಲಿದಳು. ನಾನು ಉಂಡು ಹುಟ್ಟಿದವಳು. ಅಂಜುವ ಮಾತೇ ಇಲ್ಲ.

"ಥಂಡಿ ಹತ್ತಿದ್ರ ಬಾಣಂತಿ ಕೂಸಿನಂಗ ನೋಡಿಕೋ. ಅಗ್ಗಿಷ್ಟಿಗಿ ಮುಂದ ಹಿಡಿ," ಎಂದು ದಾಕ್ಷಿಗೆ ಹೇಳಿ ಕಳಿಸಿದಳು.

ಗುಳೇದಗುಡ್ಡದಲ್ಲಿ ಚಳಿ ಎಂದರೆ ಬೆಳಗಿನ ಒಂದೆರಡು ತಾಸಿನ ನೆಂಟ. ಬಿಸಿಲು ಬಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುತ್ತಾನೆ. ಲಡಾಖಿನ ಚಳಿ ಹಾಗಲ್ಲ. ಅದು ಮನೆಯ ಯಜಮಾನ. ವಿಮಾನದ ಬಾಗಿಲು ತೆರೆದದ್ದೇ ತಡ, ನನ್ನ ಹೊಲಿಗೆ ಹೊಲಿಗೆಯನ್ನೂ ಮುಟ್ಟಿ ವಿಚಾರಿಸಿತು. "ಯಾರು ನೀನು? ಎಲ್ಲಿಯವಳು?" ನಾನು ಕಂಬಳಿಯನ್ನು ಒಳಕ್ಕೆ ಬಿಗಿಹಿಡಿದೆ. "ಶಂಕ್ರವ್ವನ ಕುಪ್ಪಸ. ಏನೀಗ?" ಎಂದೆ.

ಮಹಾಂತೇಶ ಜೀಪು ತಂದಿದ್ದ. ದಾರಿಯುದ್ದಕ್ಕೂ ದಾಕ್ಷಿ ಕಿಂಡಿಯಿಂದ ಬೆಟ್ಟ, ಹೆಪ್ಪುಗಟ್ಟಿದ ಹೊಳೆ, ಎಲೆಯುದುರಿದ ಮರಗಳನ್ನು ತುಂಬಿಕೊಂಡಳು. ಬ್ಯಾಟರಿಗಳನ್ನು ಸ್ವೆಟರಿನೊಳಗೆ, ಮೈಗೆ ತಾಗಿಸಿ ಇಟ್ಟುಕೊಂಡಿದ್ದಳು. ಒಂದು ಸೋತರೆ ಅದನ್ನು ಒಳಗೆ ಹಾಕಿ, ಬೆಚ್ಚಗಾದ ಇನ್ನೊಂದನ್ನು ಹೊರಗೆ ತೆಗೆಯುವಳು. "ಏನವ್ವಾ, ಕೋಳಿ ಕಾವು ಕೂತಂಗ ಕೂತೀಯಲ್ಲ," ಎಂದು ಮಹಾಂತೇಶ ನಕ್ಕ. "ಮರಿ ಒಡದಾಗ ನಿನಗ ಒಂದು ಕೊಡತೀನಿ, ಸುಮ್ನ ಗಾಡಿ ಹೊಡಿ," ಎಂದಳು ಅವಳು.

ಹುಡುಗಿಯ ಮನೆ ಮುಟ್ಟಿದಾಗ ಆ ತಪ್ಪು ನಡೆಯಿತು. ಒಳಕೋಣೆಯಲ್ಲಿ ದೊಡ್ಡ ಕಬ್ಬಿಣದ ಒಲೆ ಧಗಧಗ ಉರಿಯುತ್ತಿತ್ತು. ದಾಕ್ಷಿ ನನ್ನನ್ನು ಬಿಚ್ಚಿ ಕ್ಯಾಮೆರಾ ಮುಟ್ಟಿ ನೋಡಿದಳು: ಮಂಜುಗಡ್ಡೆ. "ಅಯ್ಯ, ಕೂಸು ತಣ್ಣಗ ಸೆಟದೈತಿ," ಎಂದು, ಬಾಣಂತಿಯ ಕೋಣೆಯಲ್ಲಿ ಕೂಸಿನ ಅಂಗಾಲು ಕಾಯಿಸುವ ಹಾಗೆ, ಅದನ್ನು ಒಲೆಯ ಮುಂದೆ ಹಿಡಿದಳು. ನಮ್ಮೂರಿನವರು ಬೇರೆ ಏನು ಮಾಡಿಯಾರು? ಹೆತ್ತ ಕೂಸಿಗೂ ಕೆಮ್ಮಿದ ಮುದುಕನಿಗೂ ಒಂದೇ ಮದ್ದು, ಕೆಂಡ.

ಕ್ಯಾಮೆರಾ ಬೆವರತೊಡಗಿತು. ಮೊದಲು ಮೈ, ಆಮೇಲೆ ಕಣ್ಣು. ಗಾಜಿನ ಹೊರಗೆ ಒರೆಸಿದರೆ ಒಳಗೂ ಮಂಜು. ಪರದೆ ಒಂದು ಸಲ ಬಿಳಿಚಿಕೊಂಡು ಕತ್ತಲಾಯಿತು. ದಾಕ್ಷಿಯ ಮುಖವೂ.

"ಬೆಂಕಿ ಮುಂದ ಯಾಕ ಹಿಡದಿ?" ಎಂದ ಮಹಾಂತೇಶ. "ನನ್ನ ಗಾಡಿ ಗ್ಲಾಸೂ ಹಿಂಗ ಬೆವರತೈತಿ. ತಣ್ಣಗಿದ್ದದ್ದು ಒಮ್ಮಿಗೇ ಬಿಸಿಗಿ ಬಂದ್ರ ಗಾಳ್ಯಾಗಿನ ಪಸಿ ಎಲ್ಲಾ ಬಂದು ಅದರ ಮೈಮ್ಯಾಲ ಕೂಡತೈತಿ."

"ದೊಡ್ಡವ್ವ ಹೇಳಿದ್ಲು."

"ಅವ್ವ ಕೂಸಿಗಿ ಹೇಳ್ಯಾಳ, ಮಿಷನ್‌ಗಿ ಅಲ್ಲ."

ಬ್ಯಾಟರಿ ಕಳಚಿ, ಒಲೆಯಿಲ್ಲದ ಒಣ ಕೋಣೆಯಲ್ಲಿ ಕ್ಯಾಮೆರಾವನ್ನು ಬಾಯಿ ತೆರೆದು ಇಟ್ಟರು. ನನ್ನನ್ನು ಅಂಗಳದ ಹಗ್ಗಕ್ಕೆ ಒಣಹಾಕಿದರು. ಆ ಮನೆಯ ಆಡೊಂದಕ್ಕೆ ಬೆಲ್ಲದ ವಾಸನೆ ಹತ್ತಿತು ನೋಡಿ. ನಾನು ಎಳೆದೆ, ಅದು ಜಗ್ಗಿತು. ಹೆಣ್ಣುಮಕ್ಕಳು ಓಡಿ ಬರುವಷ್ಟರಲ್ಲಿ ನನ್ನ ಒಂದು ಮೂಲೆಯ ಹೊಲಿಗೆ ಬಿಚ್ಚಿ, ಬೆಲ್ಲ ನುಂಗಿ, ನಾಲಿಗೆ ಚಪ್ಪರಿಸಿತ್ತು. ಮದುವೆಯ ಮೊದಲ ಸಿಹಿ ಉಂಡವಳು ಆ ಆಡು. ಮೂಲೆ ಸಡಿಲಾಗಿ ಜೋತುಬಿತ್ತು. ದಾಕ್ಷಿ ಪಿನ್ನು ಚುಚ್ಚಿ ಸಮಾಧಾನಪಟ್ಟುಕೊಂಡಳು.

ಬೆಳಗಾದಾಗ ಕ್ಯಾಮೆರಾ ಕಣ್ಣು ತೆರೆಯಿತು. ದಾಕ್ಷಿ ಅದರ ಮೇಲೆ ಕೈಯಿಟ್ಟು ಆಣೆ ಮಾಡಿದಳು: ಚಳಿಯಲ್ಲಿದ್ದದ್ದು ಚಳಿಯಲ್ಲೇ ಇರಲಿ. ಒಳಗೆ ತರಲೇಬೇಕಾದರೆ ಹೊಸ್ತಿಲ ಹೊರಗೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿಯಾಡದಂತೆ ಬಾಯಿ ಕಟ್ಟಿ, ತನ್ನಷ್ಟಕ್ಕೆ ತಾನು ಬೆಚ್ಚಗಾಗುವವರೆಗೆ ಬಿಚ್ಚಬಾರದು. ಪಸೆ ಬಂದರೆ ಚೀಲದ ಮೇಲೆ ಕೂರಲಿ.

ಮದುವೆಯ ದಿನ ಬಂತು. ಮದುಮಗನ ದಿಬ್ಬಣ ಅವನ ಬಿಡಾರದಿಂದ ಹಿಮ ತುಳಿದುಕೊಂಡು ಬಂದದ್ದನ್ನೆಲ್ಲ ನಾವು ಹೊರಗಿನಿಂದ ತುಂಬಿಕೊಂಡೆವು. ಬಾಗಿಲಲ್ಲಿ ಹುಡುಗಿಯ ಅಜ್ಜಿ ನಿಂತಿದ್ದಳು. ಎಲ್ಲರೂ ಅವಳನ್ನು ಅಬಿ-ಲೆ ಎನ್ನುತ್ತಿದ್ದರು. ಅಜ್ಜಿಯವರೇ ಎಂದ ಹಾಗೆ. ಮುಖ ಒಣಗಿದ ಏಪ್ರಿಕಾಟ್ ಹಣ್ಣಿನಂತೆ, ಕಣ್ಣು ಮಾತ್ರ ಹಸಿ.

"ಹುಡುಗನ ತಾಯಿ ಎಲ್ಲಿ?" ಎಂದು ಹಿಂದಿಯಲ್ಲಿ ಕೇಳಿದಳು.

ದಾಕ್ಷಿ ನನ್ನನ್ನು ಮುಂದೆ ಹಿಡಿದಳು. "ಇವರೇ. ಬರಲು ಎದೆ ಗಟ್ಟಿಯಿಲ್ಲ. ಕಣ್ಣು ಕಳಿಸಿದ್ದಾರೆ. ಈ ಬಟ್ಟೆ ಅವರದೇ ಮೈಮೇಲಿನದು."

ಅಬಿ-ಲೆ ನಗಲಿಲ್ಲ. ನನ್ನ ತೋಳನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಆಮೇಲೆ ಬಿಳಿಯ ರೇಷ್ಮೆಯ ವಸ್ತ್ರವೊಂದನ್ನು ತೆಗೆದು ನನ್ನ ಕೊರಳಿಗೆ ಹಾಕಿದಳು. ಹಿರಿಯರಿಗೆ ಹಾಕುವ ಮರ್ಯಾದೆ ಅದು. "ಒಳಗೆ ಬಾ ತಾಯಿ," ಎಂದು ನನಗೇ ಹೇಳಿದಳು. "ಸಾಲಿನ ಮೊದಲ ಜಾಗ ನಿನ್ನದು. ಒಲೆಯ ಪಕ್ಕ."

ಆ ಊರಿನಲ್ಲಿ ಯಾರು ಎಲ್ಲಿ ಕೂರಬೇಕೆನ್ನುವುದು ದೊಡ್ಡ ಮಾತು. ಹಿರಿತನ ಇಳಿದ ಹಾಗೆ ಸಾಲು ಬಾಗಿಲ ಕಡೆಗೆ, ಚಳಿಯ ಕಡೆಗೆ ಸರಿಯುತ್ತದೆ. ಒಲೆಯ ಪಕ್ಕ ಎಂದರೆ ಎಲ್ಲಕ್ಕಿಂತ ಮೇಲು. ತನ್ನ ಮನೆಯಲ್ಲಿ ಹಿಂದೆ ಕೂರಬೇಕಾದವಳಿಗೆ ಅಷ್ಟು ದೂರದಲ್ಲಿ ಮೊದಲ ಮಣೆ. ನನ್ನ ಎಳೆಎಳೆಯೂ ಉಬ್ಬಿತು. ಆದರೆ ದಾಕ್ಷಿ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಒಳಗೆ ಬರಲಾರೆ, ಅಬಿ-ಲೆ. ಒಲೆಯ ಹತ್ತಿರ ಬಂದರೆ ಇದಕ್ಕೆ ಕಣ್ಣು ಕತ್ತಲಾಗುತ್ತದೆ. ಬೆಚ್ಚಗಾಗಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ತಾಳಿ ಕಟ್ಟಿ ಮುಗಿದಿರುತ್ತದೆ."

"ಹುಡುಗನ ತಾಯಿಯನ್ನು ಬಾಗಿಲ ಹೊರಗೆ, ಚಳಿಯಲ್ಲಿ ನಿಲ್ಲಿಸುವುದೇ?" ಅಬಿ-ಲೆಯ ದನಿ ಗಡುಸಾಯಿತು. "ನಮ್ಮ ಮನೆಗೆ ಅಂಥ ಹೆಸರು ಬೇಡ."

ಒಳಗಿದ್ದ ಗಂಡಸರು ಗುಸುಗುಸು ಎಂದರು. ಒಬ್ಬ, ನಮ್ಮ ಒಲೆ ಅವರಿಗೆ ಹಿಡಿಸಲಿಲ್ಲವೇನೋ ಎಂದ. ಮದುವೆ ಮಾಡಿಸಲು ಬಂದ ಲಾಮಾ ಹೇಳಿದ ಹೊತ್ತು ಹತ್ತಿರವಾಗುತ್ತಿತ್ತು. ಮಹಾಂತೇಶ ದಾಕ್ಷಿಯ ಕಿವಿಯಲ್ಲಿ, "ಬಿಡು, ಒಳಗ ಬಾ. ಕಂಡಷ್ಟು ಕಾಣಲಿ," ಎಂದ.

"ಕಂಡಷ್ಟು ಕಾಣಾಕ ನಾ ಇಲ್ಲಿತನ ಬಂದಿಲ್ಲ," ಎಂದಳು ದಾಕ್ಷಿ. "ನಿನ್ನ ಮದುವಿ ನಿನಗ. ನನಗ ದೊಡ್ಡವ್ವನ ಕಣ್ಣು."

ಆಗ ಒಳಗಿನಿಂದ ಪದ್ಮಾ ಎದ್ದು ಬಂದಳು. ತಲೆಯಿಂದ ಬೆನ್ನಿನವರೆಗೆ ಹಸಿರುನೀಲಿ ಕಲ್ಲುಗಳ ಪಟ್ಟಿ, ಹೆಡೆ ಬಿಚ್ಚಿದ ನಾಗರದಂತೆ. ಮದುಮಗಳು ಹೀಗೆ ಎದ್ದು ಬರಬಾರದೇನೋ, ಎಲ್ಲರೂ ತಿರುಗಿ ನೋಡಿದರು. ಅವಳು ಕ್ಯಾಮೆರಾದ ಕಣ್ಣಿನಲ್ಲಿ ಕಣ್ಣಿಟ್ಟು, ಕಲಿತಿದ್ದ ನಾಲ್ಕೇ ಕನ್ನಡ ಮಾತಿನಲ್ಲಿ ಅಂದಳು: "ಅತ್ತಿ, ಮ್ಯಾಲ ಬರ್ರಿ. ಮಾಳಗಿಗೆ."

ಮಾಳಿಗೆಯ ಮೇಲೆ ಮದುವೆ. ಅಬಿ-ಲೆ ಒಂದು ಗಳಿಗೆ ಮೊಮ್ಮಗಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಒಲೆಯ ಪಕ್ಕದ ಕಂಬಳಿಯನ್ನು ತಾನೇ ಸುತ್ತಿ ಹೆಗಲಿಗೇರಿಸಿ, "ಸಾಲು ಮೇಲೆ ಹಾಕಿ. ಚಳಿಗೆ ಅಂಜುವವರು ಕೆಳಗೇ ಕೂತು ಚಹಾ ಕುಡಿಯಲಿ," ಎಂದು ಏಣಿ ಹತ್ತಿದಳು. ಕೆಳಗೆ ಕೂರಲು ಯಾರಿಗೆ ಧೈರ್ಯ?

ಬಯಲು ಮಾಳಿಗೆ, ಸುತ್ತ ಹಿಮದ ಬೆಟ್ಟ. ಸಾಲಿನ ಮೊದಲ ಜಾಗದಲ್ಲಿ ದಾಕ್ಷಿ ಮಂಡಿಯೂರಿದಳು, ನಾನು ಮತ್ತು ಕ್ಯಾಮೆರಾ ಅವಳ ಹೆಗಲಲ್ಲಿ. ನನ್ನ ಕಿಸೆಯ ಬಿಸಿ ಪುಡಿ ಆರಿಹೋಗಿತ್ತು. ಗುಂಡಿ ಒತ್ತಲೆಂದು ಅವಳು ಕೈಗವಸು ಕಳಚಿದ್ದಳು. ನನ್ನ ತೋಳಿನೊಳಗೆ ಅವಳ ಬೆರಳು ಮರಗಟ್ಟುತ್ತಿರುವುದು ನನಗೆ ತಿಳಿಯುತ್ತಿತ್ತು. ಚಳಿ ನನ್ನ ಸುತ್ತ ಸುತ್ತಿ ಕೇಳಿತು: "ಇನ್ನೆಷ್ಟು ಹೊತ್ತು?" ನಾನಂದೆ: "ತಾಳಿ ಕಟ್ಟುವವರೆಗೆ. ಆಮೇಲೆ ಬಾ, ಜಗಳಾಡೋಣ."

ಲಾಮಾ ಮಂತ್ರ ಹೇಳಿದರು. ಮಹಾಂತೇಶ ಊರಿನಿಂದ ಬಂದ ತಾಳಿಯನ್ನು ಎತ್ತಿದ. ಆಗಲೇ ಒಂದು ಗಾಳಿ ಬಂತು. ಆಡು ತಿಂದ ಮೂಲೆಯ ಪಿನ್ನು ಹಾರಿತು. ನನ್ನ ಕೆಂಪು ಚುಂಗು ಎದ್ದು ಬಂದು, ಕ್ಯಾಮೆರಾದ ಕಣ್ಣಿನ ಅಂಚಿನಲ್ಲಿ ನಿಂತುಬಿಟ್ಟಿತು. ದಾಕ್ಷಿಯ ಕೈ ಬಿಡುವಿರಲಿಲ್ಲ. ಉಫ್ ಎಂದು ಊದಿದಳು. ನಾನು ಕದಲಲಿಲ್ಲ. ಗಾಳಿ ಎನ್ನಿ, ಬೇಕಾದರೆ. ನನ್ನನ್ನು ಕೇಳಿದರೆ, ನನಗೂ ನೋಡಬೇಕಿತ್ತು.

ಕೆಳಗಿಳಿದ ಮೇಲೆ ದಾಕ್ಷಿ ತಾನು ತೆಗೆದ ವಿಡಿಯೋ ಮರಳಿ ಓಡಿಸಿ ನೋಡಿದಳು. ತಾಳಿ ಚೊಕ್ಕವಾಗಿ ಕಾಣುತ್ತಿತ್ತು, ಪದ್ಮಾಳ ನಗೆಯೂ. ಆದರೆ ಬಲಗಡೆಗೆ ಮೇಲಿನಿಂದ ಕೆಳಗಿನವರೆಗೆ ಒಂದು ಕೆಂಪು ಅರಿವೆ. "ಹಾಳಾತು. ಅಷ್ಟು ಕಷ್ಟಪಟ್ಟು ಅದೊಂದ ಜಾಗಾದಾಗ ಹಾಳಾತು," ಎಂದು ನನ್ನನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದಳು. ಊರು ಮುಟ್ಟುವವರೆಗೆ ನನ್ನ ಜೊತೆ ಮಾತಾಡಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ.

ಶಂಕ್ರವ್ವನ ಪಡಸಾಲೆಯಲ್ಲಿ ಟೀವಿಗೆ ವಿಡಿಯೋ ಹಾಕಿದ ದಿನ ಓಣಿಯ ಹೆಂಗಸರೆಲ್ಲ ನೆರೆದರು. ಮೂರು ಪದ್ಮಾರೂ ಬಂದಿದ್ದರು. ಮುರಿಗೆಪ್ಪನೂ ಬಂದ. ವಿಡಿಯೋ ನೋಡಲಿಕ್ಕಲ್ಲ, ಚಹಾಕ್ಕೆ ಬಂದದ್ದು ಎಂದು ಮೊದಲೇ ಹೇಳಿಕೊಂಡ. ಹಿಮ ಬಂತು, ದಿಬ್ಬಣ ಬಂತು, ಮಾಳಿಗೆ ಬಂತು. ಲಾಮಾನ ಹಿಂದಿನ ಬೆಟ್ಟ ನೋಡಿ ಯಾರೋ "ಉಪ್ಪಿನ ರಾಶಿ ಒಟ್ಟಿದಂಗ ಐತಲ್ಲ ಬೇ," ಎಂದರು. ತಾಳಿ ಬಂತು. ಕೆಂಪು ಬಂತು.

ದಾಕ್ಷಿ ತಲೆ ತಗ್ಗಿಸಿದಳು. "ಅದು ಅಂಗಿ ಚುಂಗು, ದೊಡ್ಡವ್ವ. ಗಾಳಿಗಿ ಹಾರಿ ಅಡ್ಡ ಬಂತು. ಆ ತುಂಡು ತಗಿಯಾಕ ಬರ್ತೈತಿ, ತಗದು ಕೊಡತೀನಿ."

"ನಿಲ್ಲಸು," ಎಂದಳು ಶಂಕ್ರವ್ವ.

ಚಿತ್ರ ನಿಂತಿತು. ಅವಳು ಎದ್ದು ಟೀವಿಯ ಹತ್ತಿರ ಹೋಗಿ ಆ ಕೆಂಪಿನ ಮೇಲೆ ಬೆರಳಿಟ್ಟಳು. ಕೊಂಚ ಮಸುಕಾದರೂ ಆನೆ ಹೆಜ್ಜೆಯ ಗುರುತು ತಪ್ಪುವಂತಿರಲಿಲ್ಲ. ಮಗನ ಕೈ, ಸೊಸೆಯ ಕೊರಳು, ಅದರ ಪಕ್ಕಕ್ಕೆ ಹತ್ತಿ ನಿಂತ ಅವಳ ಕುಪ್ಪಸ.

"ಭಾವಾರ. ನಮ್ಮ ಮನಿತನದಿಂದ ಯಾರೂ ಹೋಗಂಗಿಲ್ಲ ಅಂದಿದ್ರಿ. ಇದು ಯಾರದು, ಗುರುತು ಹತ್ತತೈತೇನು? ನಿಮ್ಮ ತಮ್ಮ ನೇದದ್ದು."

ಮುರಿಗೆಪ್ಪ ಕಪ್ಪಿನೊಳಗೆ ನೋಡಿದ.

"ಹಿಂದ ಕುಂತಿಲ್ಲ ನೋಡ್ರಿ. ತಾಳಿ ಬಾಜೂಕ ನಿಂತೀನಿ." ಆಮೇಲೆ ದಾಕ್ಷಿಗೆ: "ಒಂದು ಎಳಿ ತಗದಿ ಅಂದ್ರ ನೋಡು. ಹಂಗ ಇರಲಿ."

ಮುರಿಗೆಪ್ಪನ ಚಹಾದ ಮೇಲೆ ಕೆನೆ ಕಟ್ಟಿತು. ಅವನು ಕುಡಿಯದೇ ಎದ್ದು ಹೋದ.

ಬೇಸಿಗೆಯಲ್ಲಿ ಮಗ-ಸೊಸೆ ಬಂದರು. ಗುಳೇದಗುಡ್ಡದ ಬಂಡೆಗಳು ಹಂಚಿನಂತೆ ಕಾದ ಹೊತ್ತು. ದಾಕ್ಷಿ ಕ್ಯಾಮೆರಾಕ್ಕೆ ನನ್ನನ್ನು ತೊಡಿಸಿ ಹೊರಗೆ ನಿಂತಳು. "ಏ ಹುಚ್ಚಿ, ಈ ಬಿಸಲಾಗ ಅದಕ್ಕ ಕೌದಿ ಯಾಕ?" ಎಂದು ಓಣಿಯೇ ನಕ್ಕಿತು. "ಬಿಸಲೂ ತಡೀತೈತಿ," ಎಂದಳು. ಅದೂ ನಿಜವೇ.

ಹೊಸ್ತಿಲ ಹೊರಗೆ ಪದ್ಮಾ ಬೆವರುತ್ತ ನಿಂತಿದ್ದಳು. ಕಟ್ಟೆಯ ಮೇಲಿಂದ ಮುರಿಗೆಪ್ಪ, "ಆರತಿ ಮಾಡಾಕ ಯಾರರ ಮುತ್ತೈದೀನ ಕರೀರಿ," ಎಂದ. ಶಂಕ್ರವ್ವ ಒಳಗಿನಿಂದ ಬಂದಳು. ಕೈಯಲ್ಲಿ ಆರತಿ ತಟ್ಟೆ. ದೀಪ ಆಗಲೇ ಹಚ್ಚಿಯಾಗಿತ್ತು. ಎದೆ ಸಿಳ್ಳೆ ಹಾಕುತ್ತಿತ್ತು.

"ದಾಕ್ಷಿ," ಎಂದ ಮುರಿಗೆಪ್ಪ, "ಆ ಕ್ಯಾಮೆರಾ ಬಂದ್ ಮಾಡು."

"ಬಂದ್ ಮಾಡಾಕ ಬರಂಗಿಲ್ಲ ಕಾಕಾ," ಎಂದಳು ದಾಕ್ಷಿ ಕಿಂಡಿಯಿಂದ ಕಣ್ಣು ತೆಗೆಯದೆ. "ಮದುವಿ ಇನ್ನಾ ನಡದೈತಿ."

ಶಂಕ್ರವ್ವ ಬೆಳಗಿದಳು, ಅವಸರವಿಲ್ಲದೆ. ಪದ್ಮಾ ತಲೆ ಬಾಗಿಸಿದಳು. ತಡೆಯಲು ಯಾರೂ ಎದ್ದು ಬರಲಿಲ್ಲ. ಬಂದಿದ್ದರೂ ನಾವು ಅದನ್ನೂ ತುಂಬಿಕೊಳ್ಳುತ್ತಿದ್ದೆವು.

ಇದೆಲ್ಲ ಹಳೆಯ ಮಾತು. ಆ ಕ್ಯಾಮೆರಾ ಈಗಿಲ್ಲ. ಈಗಿನವು ಅಂಗೈಯಲ್ಲಿ ಅಡಗುತ್ತವೆ, ನನ್ನ ತೋಳು ಅವುಗಳಿಗೆ ಗುಡಾರವಾದೀತು. ನನ್ನ ಕೆಂಪು ಮಾಸಿದೆ, ಕಂಬಳಿಗೆ ನುಸಿ ಹತ್ತಿದೆ. ಹರಿದ ಕೌದಿಯನ್ನು ನಮ್ಮಲ್ಲಿ ಬಿಸಾಡುವುದಿಲ್ಲ. ಹೊಸ ಕೌದಿಯ ಒಳಪದರಕ್ಕೆ ಹಾಕಿ ಹೊಲಿಯುತ್ತಾರೆ. ಶಂಕ್ರವ್ವ ಮೊನ್ನೆ ಹೊಸತೊಂದನ್ನು ಹಾಸಿದಳು, ನನ್ನನ್ನು ಎತ್ತಿ ಒಳಗಿಟ್ಟಳು, ಮೇಲೆ ಹೊಸ ಬಟ್ಟೆ ಮುಚ್ಚಿದಳು.

ಒಳಗೆ? ನಾನೇ?

ಮೊದಲ ಹೊಲಿಗೆಗೆ ಸೂಜಿ ಬಾಗಿತು. ಎರಡನೆಯ ಸೂಜಿ ಟಪ್ಪೆಂದು ಮುರಿಯಿತು. ಕಂಬಳಿ ಗಟ್ಟಿಯಾಗಿದೆ ಎಂದರು ಪಕ್ಕದವರು. ಶಂಕ್ರವ್ವ ಕನ್ನಡಕ ಏರಿಸಿ ನನ್ನನ್ನು ಬಹಳ ಹೊತ್ತು ನೋಡಿದಳು. ಟ್ರಂಕಿನ ತಳದ ಕತ್ತಲು ಅವಳಿಗೂ ನೆನಪಿರಬೇಕು. ಹಾಸಿದ್ದನ್ನೆಲ್ಲ ಬಿಚ್ಚಿದಳು.

"ಆತು ಬಾರೇ," ಎಂದಳು, "ಮ್ಯಾಲ ಕೂಡು."

ಈಗ ನಾನು ಹೊಸ ಕೌದಿಯ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ ಕೂತಿದ್ದೇನೆ. ಹೊಲಿಗೆ ಇನ್ನೂ ನಡೆದಿದೆ.